ಬೆಳೆ ವಿಮೆ ಕಂಪೆನಿ ಕೈಗೆ ಹೋದ ಮೇಲೆ

2021ರ ನವೆಂಬರ್ ತಿಂಗಳ ಅಕಾಲ ಮಳೆಯನ್ನು ನಮ್ಮ ರಾಜ್ಯದ ರೈತರು ಯಾರೂ ಮರೆತಿರಲಿಕ್ಕಿಲ್ಲ. ರಾಗಿ ತೆನೆಯಲ್ಲೇ ಮೊಳೆಯಿತು. ಭತ್ತ ನೀರಲ್ಲಿ ಮಲಗಿತು. ನಮ್ಮ ಕಡೆ ಹೋದದ್ದು ಶೇಂಗಾ.

ಆ ವರ್ಷ ನಮ್ಮ ಊರಲ್ಲಿ ಬಿತ್ತನೆ ತಡ. ಪುಷ್ಯ ಮಳೆಗೆ ಬಿತ್ತಿದ್ದು ನವೆಂಬರ್ ಎರಡನೇ ವಾರ ಕೀಳಲಿಕ್ಕೆ ಬಂತು. ಮೂರು ಎಕರೆ ಕಿತ್ತು, ಬಳ್ಳಿ ಬಿಸಿಲಿಗೆ ಒಣಗಲಿ ಅಂತ ಸಾಲು ಹಾಕಿ ಮನೆಗೆ ಬಂದೆವು. ರಾತ್ರಿ ಶುರುವಾದ ಮಳೆ ಬಿಡಲೇ ಇಲ್ಲ. ಹೊಲಕ್ಕೆ ಕಾಲಿಡುವಂತಾದಾಗ ಸಾಲಿನಲ್ಲೇ ಕಾಯಿ ಮೊಳೆತಿತ್ತು. ಬಳ್ಳಿ ಕಪ್ಪಾಗಿ ಬೂಷ್ಟು ಹಿಡಿದು, ದನ ಕೂಡ ಮೂಸಿ ನೋಡಿ ಮುಖ ತಿರುಗಿಸಿತು.

ಆದರೂ ನನಗೆ ಒಂದು ಧೈರ್ಯ ಇತ್ತು. ಬೆಳೆ ವಿಮೆ ಕಟ್ಟಿದ್ದೆ. ಫಸಲ್ ಬಿಮಾ ಯೋಜನೆಯಲ್ಲಿ ಕೊಯ್ದು ಹೊಲದಲ್ಲಿ ಒಣಗಲು ಹರವಿದ ಬೆಳೆಗೂ 14 ದಿನದವರೆಗೆ ರಕ್ಷಣೆ ಇದೆ. ಅಕಾಲ ಮಳೆ ಅದರಲ್ಲಿ ಸೇರಿದೆ. ಇದು ಒಳ್ಳೆಯ ನಿಯಮ. ಅದು ಹೇಗೆ ನಡೆಯಿತು ಎಂಬುದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೂರು ದಿನದ ಗಡುವು

ಬೆಳೆ ಹಾಳಾದ 72 ಗಂಟೆಯೊಳಗೆ ತಿಳಿಸಬೇಕು ಅಂತ ನಿಯಮ. ಮಳೆಗೆ ಕರೆಂಟು ಹೋಗಿತ್ತು, ಫೋನು ಸತ್ತಿತ್ತು. ಮಗ ಪಕ್ಕದ ಊರಿಗೆ ಹೋಗಿ ಚಾರ್ಜ್ ಮಾಡಿಸಿಕೊಂಡು ಬಂದ. ಕಂಪೆನಿಯ ಉಚಿತ ಫೋನ್ ನಂಬರಿಗೆ ಮಾಡಿದರೆ ಹಾಡು ಕೇಳಿಸುತ್ತದೆ, ಮನುಷ್ಯರ ದನಿ ಇಲ್ಲ. ಒಂದೂವರೆ ದಿನ ಇದೇ ಆಯಿತು. ಕೊನೆಗೆ ಮೂರನೆಯ ದಿನ ಸಂಜೆ ಒಬ್ಬಳು ಹೆಣ್ಣುಮಗಳು ಸಿಕ್ಕಿದಳು. ಯಾವ ಊರಿನಲ್ಲಿ ಕೂತು ಮಾತಾಡ್ತಿದ್ದಳೋ, ಸಾಲು ಹಾಕಿದ ಶೇಂಗಾ ಅಂದರೆ ಏನು ಅಂತ ಅವಳಿಗೆ ಬಿಡಿಸಿ ಹೇಳಬೇಕಾಯಿತು. ಪಾಪ, ಅವಳ ತಪ್ಪಲ್ಲ. ಒಂದು ದೂರಿನ ನಂಬರ್ ಕೊಟ್ಟಳು.

ದೂರು ಬಂದ 48 ಗಂಟೆಯೊಳಗೆ ಕಂಪೆನಿ ಸರ್ವೆಯವರನ್ನು ನೇಮಿಸಬೇಕು, 10 ದಿನದೊಳಗೆ ನಷ್ಟದ ಅಂದಾಜು ಮುಗಿಯಬೇಕು. ನಮ್ಮ ಹೊಲಕ್ಕೆ ಹುಡುಗ ಬಂದದ್ದು ಹತ್ತೊಂಬತ್ತನೆಯ ದಿನ. ಅಷ್ಟು ದಿನ ಕಾಯಿ ಬಿಟ್ಟುಕೊಂಡು ಕೂರಲಿಕ್ಕೆ ಆಗುತ್ತದೆಯೇ? ಇದ್ದದ್ದರಲ್ಲಿ ಗಟ್ಟಿ ಇದ್ದ ಕಾಯಿ ಬಿಡಿಸಿ, ಒಣಗಿಸಿ, ಎಣ್ಣೆ ಮಿಲ್ಲಿಗೆ ಅರ್ಧ ರೇಟಿಗೆ ಹಾಕಿದ್ದೆವು. ಕೂಲಿಯವರಿಗೆ ಕೊಡಬೇಕಲ್ಲ.

ಹುಡುಗ ಬದುವಿನ ಮೇಲೆ ನಿಂತು ಅಂದ, "ಯಜಮಾನ್ರೇ, ಹೊಲ ಖಾಲಿ ಇದೆ. ನಾನು ಏನು ನೋಡಿ ಬರೀಲಿ?"

ಮಗ ಫೋನಿನಲ್ಲಿ ತೆಗೆದ ಫೋಟೋ ತೋರಿಸಿದ. ಅದರಲ್ಲಿ ತಾರೀಖು ಇಲ್ಲ, ಜಾಗದ ಗುರುತು ಇಲ್ಲ ಅಂದ. ಅವನೂ ನಮ್ಮಂಥ ರೈತರ ಮನೆ ಹುಡುಗನೇ. ದಿನಕ್ಕೆ ಇಷ್ಟು ಹೊಲ ಅಂತ ಲೆಕ್ಕದ ಮೇಲೆ ಕೆಲಸ, ಮೂರು ಹೋಬಳಿಗೆ ಅವನೊಬ್ಬನೇ. ಮಜ್ಜಿಗೆ ಕುಡಿದು ಹೋದ. ಪರಿಹಾರ ಬರಲಿಲ್ಲ.

ಕೇಳೋಣ ಅಂತ ಬ್ಯಾಂಕಿಗೆ ಹೋದೆ. "ನಾವು ಹಣ ಕಟ್ಟಿಸಿಕೊಂಡು ಕಳಿಸುವವರು ಅಷ್ಟೆ" ಅಂದರು. ರೈತ ಸಂಪರ್ಕ ಕೇಂದ್ರದಲ್ಲಿ "ನಿಮ್ಮ ಅರ್ಜಿ ಮೇಲಕ್ಕೆ ಕಳಿಸ್ತೀವಿ, ತೀರ್ಮಾನ ಕಂಪೆನಿಯದು" ಅಂದರು. ಕಂಪೆನಿಯ ಆಫೀಸು ಹುಡುಕಿಕೊಂಡು ಜಿಲ್ಲಾ ಕೇಂದ್ರಕ್ಕೆ ಹೋದೆ. ಒಂದು ಅಂಗಡಿಯ ಮಹಡಿ ಮೇಲೆ ಕೋಣೆ, ಬೀಗ ಹಾಕಿತ್ತು. ಕೆಳಗಿನ ಅಂಗಡಿಯವರು "ವಾರಕ್ಕೊಮ್ಮೆ ಬರ್ತಾರೆ" ಅಂದರು. ಇನ್ನೊಂದು ಸಲ ಹೋಗುವ ಹೊತ್ತಿಗೆ ಟೆಂಡರ್ ಬೇರೆಯವರಿಗೆ ಆಗಿತ್ತು. ಹೊಸ ಕಂಪೆನಿಯವರು "ಅದು ನಮ್ಮ ಕಾಲದ್ದಲ್ಲ" ಅಂದರು. ಒಂದು ವರ್ಷ ಓಡಾಡಿ ಬಸ್ ಚಾರ್ಜು ಕಳೆದುಕೊಂಡದ್ದೇ ಲಾಭ.

ಅಪ್ಪನ ಕಾಲದ ವಿಮೆ

ನಮ್ಮ ನಾಡಿಗೆ ಬೆಳೆ ವಿಮೆಯ ಯೋಚನೆ ಹೊಸದೇನಲ್ಲ. ಮಳೆ ಕಡಿಮೆಯಾದರೆ ರೈತನಿಗೆ ಪರಿಹಾರ ಸಿಗುವ ಯೋಜನೆಯೊಂದನ್ನು ಮೈಸೂರು ಸಂಸ್ಥಾನದಲ್ಲಿದ್ದ ಜೆ.ಎಸ್. ಚಕ್ರವರ್ತಿ ಎಂಬುವರು 1915ರಲ್ಲೇ ಬರೆದಿದ್ದರು, 1920ರಲ್ಲಿ ಅದನ್ನು ಪುಸ್ತಕ ಮಾಡಿದರು. ಅದು ಜಾರಿಗೆ ಬರಲಿಲ್ಲ. ದೇಶದಲ್ಲಿ ದೊಡ್ಡ ಪ್ರಮಾಣದಲ್ಲಿ ಬೆಳೆ ವಿಮೆ ಬಂದದ್ದು 1985ರ ಮುಂಗಾರಿನಲ್ಲಿ. ಅದನ್ನು ನಡೆಸಿದ್ದು ಸರಕಾರದ ಜನರಲ್ ಇನ್ಸೂರೆನ್ಸ್ ಕಾರ್ಪೊರೇಶನ್. ಸಾಲ ತೆಗೆದವರಿಗೆ ಮಾತ್ರ ವಿಮೆ. ಕಂತು ಏಕದಳ ಧಾನ್ಯಕ್ಕೆ ನೂರಕ್ಕೆ 2, ಬೇಳೆಕಾಳು ಮತ್ತು ಎಣ್ಣೆಕಾಳಿಗೆ ನೂರಕ್ಕೆ 1.

ನಮ್ಮಪ್ಪ ಸೊಸೈಟಿಯಲ್ಲಿ ಬೆಳೆ ಸಾಲ ತೆಗೆಯುವಾಗ ಕಂತು ಹಿಡಿದುಕೊಳ್ಳುತ್ತಿದ್ದರು. ವಿಮೆ ಅಂದರೇನು ಅಂತ ಅಪ್ಪನಿಗೆ ಗೊತ್ತಿರಲಿಲ್ಲ. ಒಂದು ಬರದ ವರ್ಷ ಕಳೆದು ಮತ್ತೊಂದು ವರ್ಷ ಮುಗಿಯುತ್ತಾ ಬಂದಾಗ ಸೊಸೈಟಿ ಗೋಡೆಗೆ ಪಟ್ಟಿ ಹಚ್ಚಿದರು. ಯಾರ ಹೆಸರು, ಯಾವ ಬೆಳೆ, ಎಷ್ಟು ರೂಪಾಯಿ. ನಾನು ಆಗ ಶಾಲೆ ಬಿಟ್ಟು ಬೇಸಾಯಕ್ಕೆ ಇಳಿದಿದ್ದ ಹುಡುಗ, ಓದು ಬಾರದವರಿಗೆಲ್ಲ ಪಟ್ಟಿ ಓದಿ ಹೇಳಿದ್ದು ನೆನಪಿದೆ. ನಮ್ಮ ಓಣಿಯ ಒಬ್ಬರ ಹೆಸರು ಬಿಟ್ಟುಹೋಗಿತ್ತು. ಅವರು ಸೆಕ್ರೆಟರಿ ಮನೆ ಮುಂದೆ ಹೋಗಿ ಕೂತರು. ಸೆಕ್ರೆಟರಿ ರಿಜಿಸ್ಟರ್ ತೆಗೆದು ನೋಡಿ, ತಪ್ಪಾಗಿದೆ ಅಂತ ಒಪ್ಪಿಕೊಂಡು ಮೇಲಕ್ಕೆ ಬರೆದರು. ತಿಂಗಳುಗಟ್ಟಲೆ ತಡವಾಗಿ ಆ ಹಣವೂ ಬಂತು.

ಹಳೆಯದೆಲ್ಲ ಚಿನ್ನ ಅಂತ ನಾನು ಹೇಳೋದಿಲ್ಲ. 1999ರ ಹಿಂಗಾರಿನಲ್ಲಿ ರಾಷ್ಟ್ರೀಯ ಕೃಷಿ ವಿಮಾ ಯೋಜನೆ ಬಂತು, ಸಾಲ ಇಲ್ಲದವರಿಗೂ ಅವಕಾಶ ಸಿಕ್ಕಿತು. 2003ರಿಂದ ಅದನ್ನು ಭಾರತ ಕೃಷಿ ವಿಮಾ ಕಂಪೆನಿ ಎಂಬ ಸರಕಾರಿ ಸಂಸ್ಥೆ ನೋಡಿಕೊಂಡಿತು. ಆಗಲೂ ತಡ ಇತ್ತು. ಲೆಕ್ಕದ ಘಟಕ ದೊಡ್ಡದಾಗಿತ್ತು, ನಮ್ಮೂರಲ್ಲಿ ಬೆಳೆ ಒಣಗಿದರೂ ಹೋಬಳಿಯ ಆ ತುದಿಗೆ ಮಳೆ ಬಿದ್ದಿದ್ದರೆ ನಮಗೆ ಏನೂ ಇಲ್ಲ. ವಿಮಾ ಮೊತ್ತವೂ ಕಡಿಮೆ. ಬೈದುಕೊಂಡೇ ಕಟ್ಟುತ್ತಿದ್ದೆವು.

ಆದರೆ ಎರಡು ಸಂಗತಿ ಇದ್ದವು. ಒಂದು, ಹೋಗಿ ಕೇಳಲಿಕ್ಕೆ ಒಂದು ಬಾಗಿಲು ಇತ್ತು. ಎರಡು, ಕಂತಿನ ಹಣ ಮೀರಿ ಪರಿಹಾರ ಕೊಡಬೇಕಾದರೆ ಕೇಂದ್ರ ಮತ್ತು ರಾಜ್ಯ ಸರಕಾರ ಸಮವಾಗಿ ಹಾಕಿಕೊಳ್ಳುತ್ತಿದ್ದವು. ಅಂದರೆ ಒಳ್ಳೆ ಮಳೆಯಾದ ವರ್ಷ ಸರಕಾರದ ಖರ್ಚು ಕಡಿಮೆ, ಬರ ಬಂದ ವರ್ಷ ಹೆಚ್ಚು. ಬೆಳೆ ಚೆನ್ನಾಗಿದೆ ಅಂತ ಬರೆದರೆ ಜೇಬು ತುಂಬಿಸಿಕೊಳ್ಳುವವರು ಯಾರೂ ನಡುವೆ ಇರಲಿಲ್ಲ.

2016ರಿಂದ ಏನು ಬದಲಾಯಿತು

1999ರ ಕಾಯಿದೆಯಿಂದ ವಿಮಾ ವ್ಯವಹಾರ ಖಾಸಗಿಯವರಿಗೆ ತೆರೆಯಿತು. 2010ರ ಸುಮಾರಿಗೆ ಪ್ರಯೋಗ ಅಂತ ಕೆಲವು ಜಿಲ್ಲೆಗಳಲ್ಲಿ ಬೆಳೆ ವಿಮೆಗೂ ಅವರನ್ನು ಬಿಟ್ಟರು. 2016ರ ಮುಂಗಾರಿನಲ್ಲಿ ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆ ಬಂದ ಮೇಲೆ ದೇಶದ ತುಂಬ ಅದೇ ಕ್ರಮವಾಯಿತು. ರಾಜ್ಯ ಸರಕಾರ ಕೆಲವು ಜಿಲ್ಲೆಗಳನ್ನು ಒಂದು ಗುಂಪು ಮಾಡಿ ಟೆಂಡರ್ ಕರೆಯುತ್ತದೆ. ಯಾರು ಕಡಿಮೆ ಕಂತು ಹೇಳುತ್ತಾರೋ ಆ ಕಂಪೆನಿಗೆ ಆ ಜಿಲ್ಲೆಗಳು. ಸರಕಾರಿ ಕಂಪೆನಿಯೂ ಟೆಂಡರ್ ಹಾಕಬಹುದು, ಖಾಸಗಿಯವರೂ ಹಾಕಬಹುದು.

ಇದರಲ್ಲಿ ಒಳ್ಳೆಯದೂ ಇದೆ, ಮುಚ್ಚಿಡೋದು ಬೇಡ. ಮುಖ್ಯ ಬೆಳೆಗೆ ಗ್ರಾಮ ಪಂಚಾಯ್ತಿಯೇ ಘಟಕವಾಯಿತು. ವಿಮಾ ಮೊತ್ತ ಜಾಸ್ತಿಯಾಯಿತು. ರೈತನ ಪಾಲು ಮುಂಗಾರಿಗೆ ನೂರಕ್ಕೆ 2, ಹಿಂಗಾರಿಗೆ ಒಂದೂವರೆ, ಹತ್ತಿ, ಈರುಳ್ಳಿ, ಮೆಣಸಿನಕಾಯಿಯಂಥ ವಾಣಿಜ್ಯ ಮತ್ತು ತೋಟಗಾರಿಕೆ ಬೆಳೆಗೆ 5, ಅಷ್ಟೆ. ನಮ್ಮೂರಲ್ಲೇ ಕೆಲವರಿಗೆ ಒಳ್ಳೆ ಪರಿಹಾರ ಬಂದದ್ದೂ ಉಂಟು.

ನನ್ನ ಪಾಲು ನೂರಕ್ಕೆ 2 ಆದರೆ ಕಂಪೆನಿಗೆ ಹೋಗುವುದು 2 ಅಲ್ಲ. ಒಂದು ಲೆಕ್ಕ ನೋಡಿ. ಎಕರೆಗೆ ವಿಮಾ ಮೊತ್ತ 20,000 ರೂ. ಅಂತ ಇಟ್ಟುಕೊಳ್ಳೋಣ. ಟೆಂಡರಿನಲ್ಲಿ ಕಂತು ನೂರಕ್ಕೆ 20 ಅಂತ ಆಗಿದೆ ಅನ್ನೋಣ. ಆಗ ಎಕರೆಗೆ ಕಂಪೆನಿಗೆ ಸಿಗುವುದು 4,000 ರೂ. ಅದರಲ್ಲಿ ನಾನು ಕೊಟ್ಟದ್ದು 400. ಉಳಿದ 3,600 ರೂ.ಗಳನ್ನು ಎರಡೂ ಸರಕಾರ ಅರ್ಧರ್ಧ ಕೊಡುತ್ತವೆ. ಅದೂ ನಮ್ಮದೇ ತೆರಿಗೆ. ಬೀಡಿ, ಬೆಂಕಿಪೊಟ್ಟಣದಿಂದ ಟ್ರ್ಯಾಕ್ಟರಿನವರೆಗೆ ನಾವು ಕೊಟ್ಟ ತೆರಿಗೆ.

ಇನ್ನು ಕೆಲಸ ಯಾರು ಮಾಡುತ್ತಾರೆ ನೋಡಿ. ಅರ್ಜಿ ತುಂಬುವುದು ಬ್ಯಾಂಕು, ಸೊಸೈಟಿ, ಗ್ರಾಮ ಒನ್ ಕೇಂದ್ರ. ಅರ್ಜಿ ಕೂರುವ 'ಸಂರಕ್ಷಣೆ' ಪೋರ್ಟಲ್ ರಾಜ್ಯ ಸರಕಾರದ್ದು. ಬೆಳೆ ಸಮೀಕ್ಷೆ ಸರಕಾರದ್ದು. ಪ್ರಚಾರ ಮಾಡುವುದು ಹೆಚ್ಚಾಗಿ ಕೃಷಿ ಇಲಾಖೆ. ಬೆಳೆ ಕಟಾವು ಪ್ರಯೋಗ ಮಾಡುವುದು ಕಂದಾಯ, ಕೃಷಿ, ಪಂಚಾಯತ್ ಇಲಾಖೆಯ ನೌಕರರು. ಹಳೆಯ ಇಳುವರಿ ಲೆಕ್ಕ ಸಾಂಖ್ಯಿಕ ಇಲಾಖೆಯದು. ಉತ್ತು ಬಿತ್ತುವವರು ನಾವು. ಹಾಗಾದರೆ ಕಂಪೆನಿ ತಂದದ್ದೇನು? ಬರ ಬಂದರೆ ನಷ್ಟ ಹೊರುತ್ತೇನೆ ಅನ್ನುವ ಮಾತು ಒಂದು. ಅದನ್ನೂ ಅವರು ಎಷ್ಟು ಹೊರುತ್ತಾರೆ ಅಂತ ಮುಂದೆ ನೋಡೋಣ.

ಯೋಜನೆಯ ಮೊದಲ ಐದಾರು ವರ್ಷದಲ್ಲಿ ದೇಶದಲ್ಲಿ ಸೇರಿದ ಒಟ್ಟು ಕಂತು ಒಂದೂವರೆ ಲಕ್ಷ ಕೋಟಿ ರೂಪಾಯಿ ದಾಟಿತು. ರೈತರಿಗೆ ಕೊಟ್ಟದ್ದು ಅದಕ್ಕಿಂತ ಹತ್ತಾರು ಸಾವಿರ ಕೋಟಿ ಕಡಿಮೆ. ರೈತ ಕಟ್ಟಿದ್ದಕ್ಕಿಂತ ಹೆಚ್ಚು ಪಡೆದಿದ್ದಾನೆ ಅಂತ ಸರಕಾರ ಹೇಳುತ್ತದೆ, ಅದೂ ನಿಜ. ಯಾಕೆಂದರೆ ಆ ಲೆಕ್ಕದಲ್ಲಿ ಸರಕಾರ ಕಟ್ಟಿದ ದೊಡ್ಡ ಪಾಲನ್ನು ಬಿಟ್ಟಿರುತ್ತಾರೆ.

ಎರಡೂವರೆ ಕಿಲೋ ಕಾಯಿ

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಬರದಿಂದ ಇಳುವರಿ ಕಡಿಮೆಯಾದಾಗ ಪರಿಹಾರ ನಿರ್ಧಾರವಾಗುವುದು ಕಟಾವು ಪ್ರಯೋಗದ ತಕ್ಕಡಿಯಲ್ಲಿ. ಒಂದು ಪಂಚಾಯ್ತಿಯಲ್ಲಿ ಒಂದು ಬೆಳೆಗೆ ನಾಲ್ಕು ಪ್ರಯೋಗ. ಯಾವ ಸರ್ವೆ ನಂಬರ್, ಹೊಲದ ಯಾವ ಮೂಲೆಯಿಂದ ಎಷ್ಟು ಹೆಜ್ಜೆ ಅಂತ ಚೀಟಿ ಎತ್ತಿದ ಹಾಗೆ ಮೊದಲೇ ಗೊತ್ತುಮಾಡಿರುತ್ತಾರೆ. ಶೇಂಗಾಕ್ಕೆ ಐದು ಮೀಟರ್ ಉದ್ದ, ಐದು ಮೀಟರ್ ಅಗಲದ ಚೌಕ ಹಗ್ಗ ಹಿಡಿದು ಗುರುತು ಮಾಡಿ, ಅಷ್ಟನ್ನು ಕಿತ್ತು, ಕಾಯಿ ಬಿಡಿಸಿ ತೂಗುತ್ತಾರೆ. ಆಮೇಲೆ ಒಣಗಿದ ತೂಕದ ಲೆಕ್ಕ ಹಾಕುತ್ತಾರೆ.

ಪರಿಹಾರದ ಲೆಕ್ಕ ಹೀಗೆ. ಹಿಂದಿನ ಏಳು ವರ್ಷದಲ್ಲಿ ಒಳ್ಳೆಯ ಐದು ವರ್ಷದ ಇಳುವರಿಯ ಸರಾಸರಿ ತೆಗೆಯುತ್ತಾರೆ. ಅದು ಎಕರೆಗೆ 5 ಕ್ವಿಂಟಾಲ್ ಅನ್ನಿ. ಅದರ ನೂರಕ್ಕೆ 80 ಅಂದರೆ 4 ಕ್ವಿಂಟಾಲ್. ಇದನ್ನು ಹೊಸ್ತಿಲ ಇಳುವರಿ ಅನ್ನೋಣ. ಈ ವರ್ಷ ಬಂದದ್ದು 1 ಕ್ವಿಂಟಾಲ್ ಆದರೆ ನಾಲ್ಕಕ್ಕೆ ಮೂರು ಕಡಿಮೆ, ನೂರಕ್ಕೆ 75. ವಿಮಾ ಮೊತ್ತ 20,000 ಇದ್ದರೆ ಪರಿಹಾರ 15,000 ರೂ. ಅದೇ ತಕ್ಕಡಿಯಲ್ಲಿ 2 ಕ್ವಿಂಟಾಲ್ ಅಂತ ಬಂದರೆ ಪರಿಹಾರ 10,000 ರೂ. ಒಂದು ಕ್ವಿಂಟಾಲ್ ವ್ಯತ್ಯಾಸಕ್ಕೆ ಎಕರೆಗೆ 5,000 ರೂ. ಹೋಯಿತು. ಪಂಚಾಯ್ತಿಯಲ್ಲಿ 1,000 ಎಕರೆ ವಿಮೆಯಾಗಿದ್ದರೆ 50 ಲಕ್ಷ ರೂಪಾಯಿ.

ಎಕರೆಗೆ ಒಂದು ಕ್ವಿಂಟಾಲ್ ಅಂದರೆ ಆ ಚೌಕದಲ್ಲಿ ಎಷ್ಟು? ಒಂದು ಎಕರೆಯಲ್ಲಿ ಅಂಥ ಚೌಕ ಸುಮಾರು 162 ಆಗುತ್ತವೆ. ನೂರು ಕಿಲೋವನ್ನು 162 ಪಾಲು ಮಾಡಿದರೆ ಆರುನೂರು ಗ್ರಾಮಿನ ಮೇಲೆ ಸ್ವಲ್ಪ. ನಾಲ್ಕು ಚೌಕ ಸೇರಿ ಎರಡೂವರೆ ಕಿಲೋ ಕಾಯಿ. ಒಂದು ಸೇರು ಮೊರದಲ್ಲಿ ಹಿಡಿಯುವಷ್ಟು ಕಾಯಿ ಈ ಕಡೆ ಬಿದ್ದರೆ ಊರಿಗೆ 50 ಲಕ್ಷ, ಆ ಕಡೆ ಬಿದ್ದರೆ ಕಂಪೆನಿಗೆ 50 ಲಕ್ಷ.

ಒಂದು ಬರದ ವರ್ಷ ನನ್ನ ಹೊಲದ ನಂಬರೇ ಬಂತು. ಗ್ರಾಮ ಲೆಕ್ಕಿಗರು ಹಗ್ಗ, ತಕ್ಕಡಿ ತಂದಿದ್ದರು. ಕಂಪೆನಿಯ ಕಡೆಯಿಂದ ಒಬ್ಬರು ನೋಡಲು ಬಂದಿದ್ದರು, ಬರುವುದಕ್ಕೆ ನಿಯಮದಲ್ಲಿ ಅವಕಾಶ ಇದೆ. ಹೆಜ್ಜೆ ಹಾಕಿದರೆ ಚೌಕ ಬಿದ್ದದ್ದು ಮೇಲಿನ ಗರಸು ಭೂಮಿಯಲ್ಲಿ. ಅಲ್ಲಿ ಗಿಡ ಗೇಣುದ್ದ ಇಲ್ಲ. ಬಂದವರು "ಇದು ಹೊಲದ ಸರಿಯಾದ ಮಾದರಿ ಅಲ್ಲ, ಕೆಳಗೆ ನೋಡಿ" ಅಂತ ಬದುವಿನ ಪಕ್ಕ ತಂಪಿಗೆ ಚೆನ್ನಾಗಿದ್ದ ಜಾಗ ತೋರಿಸಿದರು. ಲೆಕ್ಕಿಗರು ಒಪ್ಪಲಿಲ್ಲ. "ಹೆಜ್ಜೆ ಎಲ್ಲಿ ಬಿತ್ತೋ ಅಲ್ಲೇ. ಇವತ್ತು ನಿಮ್ಮ ಮಾತು ಕೇಳಿದರೆ ನಾಳೆ ರೈತರ ಮಾತೂ ಕೇಳಬೇಕಾಗ್ತದೆ" ಅಂದರು. ಒಂದು ತಾಸು ವಾದ ಆಯಿತು. ಕೊನೆಗೆ ಹೆಜ್ಜೆ ಬಿದ್ದಲ್ಲೇ ಕಿತ್ತು ತೂಗಿದರು. ಕಂಪೆನಿಯವರು ಆಕ್ಷೇಪಣೆ ಬರೆದುಕೊಂಡು ಹೋದರು. ಉಪಗ್ರಹದ ಚಿತ್ರದಲ್ಲಿ ಹಸಿರು ಹೆಚ್ಚು ಕಾಣುತ್ತದೆ ಅಂತ ಮೇಲೆ ತಕರಾರು ಹೋಯಿತು. ಇಡೀ ಪಂಚಾಯ್ತಿಯ ಪರಿಹಾರ ಒಂದು ವರ್ಷದ ಮೇಲೆ ನಿಂತಿತು. ಹಸಿರು ಬಳ್ಳಿ ಇದ್ದ ಮಾತ್ರಕ್ಕೆ ನೆಲದೊಳಗೆ ಕಾಯಿ ಇರುತ್ತದೆಯೇ? ಶೇಂಗಾ ಬೆಳೆದವರಿಗೆ ಇದನ್ನು ಹೇಳಬೇಕಾಗಿಲ್ಲ. ಹೂ ಇಳಿದು ಕಾಯಿ ಕಟ್ಟುವಾಗ ಮಳೆ ಕೈಕೊಟ್ಟು, ಆಮೇಲೆ ಒಂದು ಮಳೆ ಬಂದರೆ ಬಳ್ಳಿ ಹಸಿರೋ ಹಸಿರು, ಕಿತ್ತರೆ ಬರೀ ಬೇರು.

ಕಂಪೆನಿಯವರು ಮೋಸಗಾರರು ಅಂತ ನನ್ನ ಮಾತಲ್ಲ. ನಮಗೂ ಇಳುವರಿ ಕಡಿಮೆ ಬರೆಯಲಿ ಅಂತ ಆಸೆ ಇರುತ್ತದೆ, ಸುಳ್ಳು ಯಾಕೆ ಹೇಳಲಿ. ಸರಕಾರವೂ ಪರಿಹಾರ ಕೊಡಬೇಕಾಗಿತ್ತಲ್ಲ, ಅದಕ್ಕೆ ಉಳಿಸುವ ಆಸೆ ಇರಲಿಲ್ವಾ ಅಂತ ಯಾರಾದರೂ ಕೇಳಬಹುದು. ಇತ್ತು. ಹಣ ಬಿಡುಗಡೆ ತಡ ಮಾಡುತ್ತಿದ್ದರು. ಆದರೆ ತಕ್ಕಡಿ ಹಿಡಿದವನ ಪಕ್ಕದಲ್ಲಿ ಬಂದು ನಿಲ್ಲುತ್ತಿರಲಿಲ್ಲ. ಐದು ವರ್ಷಕ್ಕೊಮ್ಮೆ ಸರಕಾರ ನಮ್ಮ ಓಣಿಗೆ ಬಂದು ಕೈ ಮುಗಿಯಬೇಕು. ಟೆಂಡರ್ ಕಂಪೆನಿಗೆ ಆ ಹಂಗಿಲ್ಲ. ಅದರ ಯಜಮಾನರು ಷೇರು ಕೊಂಡವರು. ಬೆಳೆ ಹೋದ ಸತ್ಯ ಬರೆದರೆ ಅವರಿಗೆ ನಷ್ಟ, ಬೆಳೆ ಇದೆ ಅಂತ ಬರೆದರೆ ಲಾಭ. ಇಂಥ ಕೆಲಸದಲ್ಲಿ ಒಳ್ಳೆಯವರನ್ನು ಕೂರಿಸಿದರೂ ಕುರ್ಚಿ ಅವರನ್ನು ಆ ಕಡೆಗೇ ಎಳೆಯುತ್ತದೆ. ಖಾಸಗೀಕರಣದ ನಿಜವಾದ ತೊಡಕು ನನಗೆ ಕಂಡದ್ದು ಇದು.

ಲಾಭ ಇಲ್ಲದ ಕಡೆ ಯಾರೂ ಬರೋದಿಲ್ಲ

ಖಾಸಗಿಯವರು ಬಂದರೆ ಪೈಪೋಟಿ ಹೆಚ್ಚಿ ಸೇವೆ ಚೆನ್ನಾಗುತ್ತದೆ ಅಂತ ಹೇಳುತ್ತಾರೆ. ಪೈಪೋಟಿ ಇರೋದು ಟೆಂಡರ್ ಪೆಟ್ಟಿಗೆಯ ಹತ್ತಿರ. ಟೆಂಡರ್ ಆದ ಮೇಲೆ ನಮ್ಮ ಜಿಲ್ಲೆಗೆ ಒಂದೇ ಕಂಪೆನಿ, ಬೇಡ ಅಂದರೆ ಬೇರೆ ಅಂಗಡಿಗೆ ಹೋಗುವಂತಿಲ್ಲ. ಮೊದಲು ಕೆಲವು ಕಡೆ ವರ್ಷಕ್ಕೊಂದು ಕಂಪೆನಿ ಬದಲಾಗುತ್ತಿತ್ತು. 2020ರಲ್ಲಿ ನಿಯಮ ತಿದ್ದಿ ಮೂರು ವರ್ಷದ ಗುತ್ತಿಗೆ ಮಾಡಿದರು. ಬದಲಾದಾಗ ಹಳೆಯ ದೂರು ಯಾರ ಮನೆ ಸೇರುತ್ತದೆ ಅಂತ ಮೇಲೆ ಬರೆದಿದ್ದೇನೆ.

ಅವರಿಗೆ ನಷ್ಟ ಕಾಣುವ ಕಡೆ ಏನಾಗುತ್ತದೆ? ಮಹಾರಾಷ್ಟ್ರದ ಬೀಡ್ ಜಿಲ್ಲೆ ನಮ್ಮ ಬಯಲುಸೀಮೆಯ ಹಾಗೇ ಬರಪೀಡಿತ. ಅಲ್ಲಿ 2020ರ ಮುಂಗಾರಿಗೆ ಟೆಂಡರ್ ಕರೆದರೆ ಒಂದು ಕಂಪೆನಿಯೂ ಬರಲಿಲ್ಲ. ಕೊನೆಗೆ ಸರಕಾರಿ ಕೃಷಿ ವಿಮಾ ಕಂಪೆನಿಯೇ ಕೈ ಹಿಡಿಯಬೇಕಾಯಿತು. ಆಗ ಹೊಸ ಕರಾರು ಮಾಡಿದರು. ಪರಿಹಾರ ಒಟ್ಟು ಕಂತಿನ ನೂರಕ್ಕೆ 110ರವರೆಗೆ ಕಂಪೆನಿ ಕೊಡಬೇಕು, ಮೀರಿದ್ದನ್ನು ರಾಜ್ಯ ಸರಕಾರ ಕೊಡುತ್ತದೆ. ಪರಿಹಾರ ಕಡಿಮೆಯಾದ ವರ್ಷ ಕಂಪೆನಿ ಖರ್ಚಿಗೆ ನೂರಕ್ಕೆ 20 ಇಟ್ಟುಕೊಂಡು ಉಳಿದದ್ದನ್ನು ಸರಕಾರಕ್ಕೆ ವಾಪಸು ಕೊಡಬೇಕು. ಇದನ್ನು ಬೀಡ್ ಮಾದರಿ ಅನ್ನುತ್ತಾರೆ. ಸುತ್ತಿ ಬಳಸಿ ಹಳೆಯ ಯೋಜನೆಯ ಹತ್ತಿರಕ್ಕೇ ಬಂದು ನಿಂತ ಹಾಗಾಯಿತಲ್ಲ!

ಕೆಲವು ರಾಜ್ಯಗಳು ಯೋಜನೆಯನ್ನೇ ಬಿಟ್ಟವು. ಬಿಹಾರ 2018ರಲ್ಲಿ, ಪಶ್ಚಿಮ ಬಂಗಾಳ 2019ರಲ್ಲಿ, ಗುಜರಾತ್ ಮತ್ತು ತೆಲಂಗಾಣ 2020ರಲ್ಲಿ ಹೊರಬಂದವು. ಆಂಧ್ರ ಬಿಟ್ಟು 2022ರಲ್ಲಿ ಮತ್ತೆ ಸೇರಿತು. ಬಿಟ್ಟದ್ದಕ್ಕೆ ಮುಖ್ಯ ಕಾರಣ, ಕಂತಿನ ಹೊರೆ ಹೆಚ್ಚು, ಬಂದ ಪರಿಹಾರ ಅದಕ್ಕೆ ತಕ್ಕಂತೆ ಇಲ್ಲ ಅನ್ನೋದು. 2020ರಲ್ಲಿ ಕೇಂದ್ರವೂ ಒಂದು ಗೆರೆ ಹಾಕಿತು. ಮಳೆಯಾಶ್ರಿತ ಬೆಳೆಗೆ ನೂರಕ್ಕೆ 30, ನೀರಾವರಿ ಬೆಳೆಗೆ 25, ಕಂತು ಅದಕ್ಕಿಂತ ಮೇಲೆ ಹೋದರೆ ಹೆಚ್ಚಿನದಕ್ಕೆ ಕೇಂದ್ರ ತನ್ನ ಪಾಲು ಕೊಡುವುದಿಲ್ಲ. ಕಂತು ಹೆಚ್ಚಾಗುವುದು ಎಲ್ಲಿ? ಮಳೆ ನಂಬಿಕೆ ಇಲ್ಲದ ನಮ್ಮಂಥ ಕಡೆಯೇ. ಯಾರಿಗೆ ವಿಮೆ ಹೆಚ್ಚು ಬೇಕೋ ಅವರಿಗೇ ವಿಮೆ ದುಬಾರಿ.

ಹಾಗಾದರೆ ವಿಮೆ ಬೇಡವೇ?

ಈ ಪ್ರಶ್ನೆಯನ್ನು ನನ್ನ ಮಗನೇ ಕೇಳಿದ. 2020ರಿಂದ ಸಾಲ ಪಡೆದವರಿಗೂ ವಿಮೆ ಕಡ್ಡಾಯವಲ್ಲ. ಬೇಡ ಅಂತ ಬ್ಯಾಂಕಿಗೆ ಕೊನೆಯ ದಿನಕ್ಕೆ ಏಳು ದಿನ ಮೊದಲೇ ಬರೆದುಕೊಟ್ಟರೆ ಹಿಡಿಯುವಂತಿಲ್ಲ. ನಾನು ಈ ವರ್ಷವೂ ಕಟ್ಟಿದ್ದೇನೆ. ಒಣ ಬೇಸಾಯದವನಿಗೆ ಮಳೆ ಬಿಟ್ಟರೆ ಇನ್ನೊಂದು ಆಸರೆ ಇಲ್ಲ. ಹರಿದ ಕಂಬಳಿ ಅಂತ ಚಳಿಗಾಲದಲ್ಲಿ ಬಿಸಾಡಲಿಕ್ಕೆ ಆಗೋದಿಲ್ಲ, ಹೊಲಿಸಿಕೊಳ್ಳಬೇಕು.

ಹೊಲಿಸುವುದು ಹೇಗೆ? ನನಗೆ ತೋಚಿದ್ದು ಇಷ್ಟು. ಬೆಳೆ ವಿಮೆಯನ್ನು ಲಾಭದ ಕೆಲಸ ಅಂತ ಬಿಡದೆ ಸರಕಾರಿ ಸಂಸ್ಥೆಯೇ ನಡೆಸಲಿ. ಕೇರಳದಲ್ಲಿ 1995ರಿಂದ ಕೃಷಿ ಇಲಾಖೆಯೇ ನಡೆಸುವ ರಾಜ್ಯದ ಬೆಳೆ ವಿಮೆ ಇದೆ, ಆಗದ ಕೆಲಸವೇನಲ್ಲ. ಅಲ್ಲಿಯವರೆಗೆ ಕಂಪೆನಿಯೇ ಇರುವುದಾದರೆ ಉಳಿದ ಕಂತು ಸರಕಾರಕ್ಕೆ ವಾಪಸು ಬರುವ ಕರಾರು ಇರಲಿ. ತಾಲ್ಲೂಕಿಗೊಂದು ಆಫೀಸು, ಅದರಲ್ಲಿ ದಿನಾ ಒಬ್ಬ ಮನುಷ್ಯ ಇರಲಿ. ಹೋದ ಕಂಪೆನಿಯ ಬಾಕಿ ದೂರಿಗೆ ಕೃಷಿ ಇಲಾಖೆ ಹೊಣೆ ಹೊರಲಿ. ಕಟಾವಿನ ತೂಕ ಎಷ್ಟು ಬಂತು, ಪರಿಹಾರ ಯಾರಿಗೆ ಎಷ್ಟು, ಯಾರದು ಯಾಕೆ ಬಿಟ್ಟಿತು, ಇದೆಲ್ಲ ಪಂಚಾಯ್ತಿ ಗೋಡೆಗೆ ಪಟ್ಟಿ ಹಚ್ಚಲಿ. ಗ್ರಾಮಸಭೆಯಲ್ಲಿ ಓದಲಿ. ನಲವತ್ತು ವರ್ಷದ ಹಿಂದೆ ಒಂದು ಸಣ್ಣ ಸೊಸೈಟಿ ಮಾಡಿದ್ದನ್ನು ಈಗ ಕಂಪ್ಯೂಟರ್ ಇರುವ ಕಾಲದಲ್ಲಿ ಮಾಡಲು ಕಷ್ಟವೇನು?

ವಿಮೆ ಕಟ್ಟುವವರು ನೆನಪಿಡಬೇಕಾದದ್ದು

1. ಅರ್ಜಿಯಲ್ಲಿ ಬರೆಸಿದ ಬೆಳೆಯೂ ಬೆಳೆ ಸಮೀಕ್ಷೆಯಲ್ಲಿ ದಾಖಲಾದ ಬೆಳೆಯೂ ಒಂದೇ ಇರಬೇಕು. ಬೇರೆ ಇದ್ದರೆ ಅರ್ಜಿ ತಿರಸ್ಕಾರ ಆಗುತ್ತದೆ. 'ಬೆಳೆ ದರ್ಶಕ' ಆ್ಯಪ್‌ನಲ್ಲಿ ನೋಡಿ, ತಪ್ಪಿದ್ದರೆ ಕೂಡಲೇ ಆಕ್ಷೇಪಣೆ ಹಾಕಿ. ಅಕ್ಕಡಿ ಬೆಳೆ ಇದ್ದವರು ಇದನ್ನು ತಪ್ಪದೆ ನೋಡಬೇಕು.

2. ಆಲಿಕಲ್ಲು, ನೀರು ನಿಲ್ಲುವುದು, ಕೊಯ್ಲಿನ ನಂತರದ ಮಳೆ, ಇವಕ್ಕೆ 72 ಗಂಟೆ ಗಡುವು. ಫೋನ್ (14447) ಸಿಗದಿದ್ದರೆ ಕಾಯಬೇಡಿ. ಬ್ಯಾಂಕಿಗೆ, ರೈತ ಸಂಪರ್ಕ ಕೇಂದ್ರಕ್ಕೆ ಬರೆದುಕೊಟ್ಟು, ನಕಲಿನ ಮೇಲೆ ಸೀಲು ಮತ್ತು ತಾರೀಖು ಹಾಕಿಸಿಕೊಳ್ಳಿ. ನಾನು ಮಾಡದೆ ಕೆಟ್ಟದ್ದು ಇದೇ.

3. ಫೋಟೋದಲ್ಲಿ ತಾರೀಖು, ಜಾಗದ ಗುರುತು ಬರುವ ಹಾಗೆ ತೆಗೆಯಿರಿ. ಮಕ್ಕಳಿಗೆ ಗೊತ್ತಿರುತ್ತದೆ, ಕೇಳಿ. ಸರ್ವೆಗೆ ಮೊದಲೇ ಬೆಳೆ ತೆಗೆಯಬೇಕಾದರೆ ಒಂದು ಮೂಲೆಯಲ್ಲಿ ನಾಲ್ಕು ಸಾಲು ಹಾಗೇ ಬಿಡಿ.

4. ನಿಮ್ಮ ಪಂಚಾಯ್ತಿಯಲ್ಲಿ ಕಟಾವು ಪ್ರಯೋಗ ಯಾವ ದಿನ, ಯಾವ ಹೊಲದಲ್ಲಿ ಅಂತ ಕೇಳಿ ತಿಳಿದು ಹತ್ತು ಜನ ಹೋಗಿ ನಿಲ್ಲಿ. ತೂಕ ಬರೆದುಕೊಳ್ಳಿ. ನೌಕರರಿಗೆ ಒತ್ತಾಯ ಮಾಡಬೇಡಿ. ಹೆಜ್ಜೆ ಬಿದ್ದಲ್ಲೇ ಕೀಳಲಿ ಅಂತ ಹೇಳಿದರೆ ಸಾಕು.

5. ಅನ್ಯಾಯವಾದರೆ ಜಿಲ್ಲಾಧಿಕಾರಿ ಅಧ್ಯಕ್ಷತೆಯ ಕುಂದುಕೊರತೆ ಸಮಿತಿಗೆ ಬರೆಯಿರಿ. ಕಂಪೆನಿ ತಡ ಮಾಡಿದರೆ ನೂರಕ್ಕೆ 12ರಂತೆ ಬಡ್ಡಿ ಕೊಡಬೇಕು ಅಂತ 2018ರ ನಿಯಮದಲ್ಲಿದೆ. ಕೇಳಿ ಪಡೆಯಬೇಕು. ಗ್ರಾಹಕರ ನ್ಯಾಯಾಲಯದ ದಾರಿಯೂ ಇದೆ.

ಇಷ್ಟು ಬರೆದದ್ದರಲ್ಲಿ ನನ್ನ ಒಂದು ತಾಲ್ಲೂಕಿನ ಅನುಭವವೇ ಹೆಚ್ಚು. ಬೇರೆ ಕಡೆಯ ರೈತರಿಗೆ ಒಳ್ಳೆಯ ಅನುಭವವಾಗಿದ್ದರೆ ಅದನ್ನೂ ಈ ಪತ್ರಿಕೆಗೆ ಬರೆಯಿರಿ. ಕಟಾವಿನ ದಿನ ಹೊಲದಲ್ಲಿ ನಿಂತು ತೂಕ ಬರೆದುಕೊಂಡವರು ಆ ಅಂಕಿ ಕಳಿಸಿದರೆ ಇನ್ನೂ ಒಳ್ಳೆಯದು. ಹತ್ತು ಪಂಚಾಯ್ತಿಯ ಅಂಕಿ ಒಂದು ಕಡೆ ಸೇರಿದರೆ ನಮ್ಮ ಮಾತಿಗೂ ತೂಕ ಬರುತ್ತದೆ.